ಸೊಪ್ಪಿನವರಿಗೆ ಹೆಚ್ಚಿಗೆ ಕೊಟ್ಟ ಎಪ್ಪತ್ತು ರೂಪಾಯಿ

ಪ್ರಶ್ನೆ: ಮೂರನೇ ಮಹಡಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಇದು ತೀರ ಸಣ್ಣ ಸಂಗತಿ ಎಂದು ಕೆಲವರಿಗೆ ತೋರಬಹುದು. ಆದರೆ ಒಂದು ವಾರದಿಂದ ಇದು ನನ್ನ ತಲೆಯಿಂದ ಇಳಿಯದೆ ಕುಳಿತಿರುವುದರಿಂದ, ತಿಳಿದವರಲ್ಲಿ ಕೇಳೋಣವೆಂದು ಬರೆಯುತ್ತಿದ್ದೇನೆ.

ನಮ್ಮ ವಸತಿ ಸಮುಚ್ಚಯದ ಗೇಟಿನ ಎದುರು, ಹೊಂಗೆ ಮರದ ಕೆಳಗೆ, ಅರವತ್ತು ದಾಟಿದ ಹೆಂಗಸೊಬ್ಬರು ಸೊಪ್ಪು ಮಾರುತ್ತಾರೆ. ನಸುಕಿನಲ್ಲೇ ಮಾರುಕಟ್ಟೆಗೆ ಹೋಗಿ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ತಂದು, ಗೋಣಿತಾಟಿನ ಮೇಲೆ ಹರಡಿ, ಆಗಾಗ ನೀರು ಚಿಮುಕಿಸುತ್ತಾ ಕುಳಿತಿರುತ್ತಾರೆ. ನಾಲ್ಕು ವರ್ಷಗಳಿಂದ ನಾನು ಅವರಲ್ಲಿಯೇ ಕೊಳ್ಳುತ್ತಿದ್ದೇನೆ. ಮಾಲ್‌ಗಳಲ್ಲಿ ಬೆಲೆಚೀಟಿ ನೋಡಿ ತುಟಿಪಿಟಕ್ಕೆನ್ನದೆ ಹಣ ಕಟ್ಟುವವಳು ಐದು ರೂಪಾಯಿಯ ಕಟ್ಟಿಗೆ ಜಗ್ಗಾಡುವುದು ನನಗೇ ನಾಚಿಕೆ ತರಿಸಿದ್ದರಿಂದ, ಚೌಕಾಸಿ ಮಾಡುವುದನ್ನು ಎಂದೋ ಬಿಟ್ಟಿದ್ದೇನೆ.

ಕಳೆದ ವಾರ ಎರಡು ದಿನ ಬಿಡದೆ ಮಳೆ ಹೊಡೆಯಿತು. ಅವರ ಸೊಪ್ಪು ಅರ್ಧಕ್ಕರ್ಧ ಕೊಳೆತಿತ್ತು. ನಾನು ಮೂವತ್ತು ರೂಪಾಯಿಯ ಸೊಪ್ಪು ಕೊಂಡು ನೂರರ ನೋಟು ಕೊಟ್ಟು, "ಚಿಲ್ಲರೆ ಇರಲಿ ಬಿಡಿ, ನೀವೇ ಇಟ್ಟುಕೊಳ್ಳಿ" ಎಂದೆ. ಸುತ್ತ ಇನ್ನೂ ಮೂರು ನಾಲ್ಕು ಜನ ನಿಂತಿದ್ದರು. ಅವರು ಏನೂ ಹೇಳದೆ ನೋಟನ್ನು ಸೆರಗಿನ ಗಂಟಿಗೆ ಹಾಕಿಕೊಂಡರು. ಮರುದಿನ ಹೋದಾಗ, ನಾನು ಬಾಯಿ ತೆರೆಯುವ ಮೊದಲೇ ಇಪ್ಪತ್ತು ರೂಪಾಯಿಯ ಸೊಪ್ಪನ್ನು ನನ್ನ ಚೀಲಕ್ಕೆ ಹಾಕಿ, ಐವತ್ತು ರೂಪಾಯಿ ನನ್ನ ಕೈಗಿತ್ತು, "ನಿನ್ನೇದು ಲೆಕ್ಕ ಸರಿಹೋಯ್ತು ತಗಳವ್ವ, ನಾನು ಕುಂತಿರಾದು ಯಾಪಾರಕ್ಕೆ" ಎಂದರು. ಸಿಟ್ಟೇನೂ ಇರಲಿಲ್ಲ. ಆಮೇಲೆ ಎಂದಿನಂತೆ ಒಂದು ಹಿಡಿ ಕರಿಬೇವು, ಒಂದು ನಿಂಬೆಹಣ್ಣು ಮೇಲಕ್ಕೆ ಹಾಕಿ ಕಳುಹಿಸಿದರು.

ಅಂದಿನಿಂದ ನನಗೆ ನಾನು ಮಾಡುವ ಎಲ್ಲ ಸಣ್ಣಪುಟ್ಟ ಒಳ್ಳೆಯ ಕೆಲಸಗಳ ಮೇಲೂ ಅನುಮಾನ ಬಂದಿದೆ. ಮನೆಗೆಲಸದವರಿಗೆ ಕೊಡುವ ಹಳೆಯ ಸೀರೆ, ಕಾವಲುಗಾರರಿಗೆ ಕೊಡುವ ಮಿಕ್ಕ ಊಟ, ಸಾಮಾನು ತಂದುಕೊಡುವ ಹುಡುಗರಿಗೆ "ನೀರು ಬೇಕಾ?" ಎಂದು ಕೇಳುವುದು, ಇವುಗಳಲ್ಲಿ ಯಾವುದು ಕರುಣೆ, ಯಾವುದು ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವ ಉಪಾಯ? ಎದುರಿಗಿರುವವರನ್ನು ಕುಗ್ಗಿಸದೆ ದಿನನಿತ್ಯದ ಬದುಕಿನಲ್ಲಿ ದಯೆ ತೋರುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮೇಷ್ಟರು, ತುಮಕೂರು ಜಿಲ್ಲೆ

ತಂಗಿ, ನಿಮಗೆ ಆದದ್ದು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರಿಗೇ ಆಗಿತ್ತು ಎಂದು ಹೇಳಿದರೆ ಸ್ವಲ್ಪ ಸಮಾಧಾನವಾದೀತು.

ಆಯ್ದಕ್ಕಿ ಮಾರಯ್ಯನ ಕತೆ ಕೇಳಿರುತ್ತೀರಿ. ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಹೆಂಡತಿ ಲಕ್ಕಮ್ಮ ಅದನ್ನು ಅಟ್ಟು ಜಂಗಮರಿಗೆ ನೀಡಿ, ಆಮೇಲೆ ತಾವು ಉಣ್ಣುವುದು ಅವರ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರು ಎಂದು ಕತೆ ಹೇಳುತ್ತದೆ. ಲಕ್ಕಮ್ಮ ಮೆಚ್ಚಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ, ಈಶ್ವರನೊಪ್ಪ" ಎಂದು ಗಂಡನನ್ನು ಗದರಿಸಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ನಿಮ್ಮ ಸೊಪ್ಪಿನವರು ಕೊಟ್ಟ ಐವತ್ತು ರೂಪಾಯಿಯೂ ಸುರಿದು ಬಂದ ಆ ಅಕ್ಕಿಯ ಜಾತಿಯದೇ.

ಶಾಲೆಯಲ್ಲಿ ಈ ಕತೆಯನ್ನು ಲಕ್ಕಮ್ಮನ ಆಸೆಯಿಲ್ಲದ ಮನಸ್ಸಿನ ಹಿರಿಮೆಯಾಗಿ ಪಾಠ ಹೇಳುತ್ತಿದ್ದೆ. ನಿವೃತ್ತನಾದ ಮೇಲೆ ಇನ್ನೊಂದು ಬದಿಯಿಂದ ನೋಡತೊಡಗಿದ್ದೇನೆ: ಕೊಟ್ಟದ್ದು ತಿರುಗಿ ಬಂದಾಗ ಬಸವಣ್ಣನವರು ನೊಂದುಕೊಳ್ಳಲಿಲ್ಲ, ಪಾಠ ಕಲಿತರು. ದಾಸೋಹ ಎಂಬ ಮಾತಿನಲ್ಲಿ 'ನಾನು ದಾಸ' ಎಂಬ ಅರ್ಥವೇ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಕೆಳಗೆ ನಿಲ್ಲಬೇಕು. ಇದು ಬರೀ ಮಾತಿನ ಚಮತ್ಕಾರವಲ್ಲ ಎಂಬುದು ನನಗೆ ಗೊತ್ತಾದದ್ದು ಸಿದ್ಧಗಂಗೆಯಲ್ಲಿ. ಪಂಕ್ತಿಯಲ್ಲಿ ರಾಗಿಮುದ್ದೆಗೆ ಕುಳಿತಾಗ, ಯಾರ ಮನೆಯವನು, ಯಾವ ಜಾತಿಯವನು, ಏನು ಕೊಟ್ಟು ಬಂದಿದ್ದಾನೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ರಾಗಿಯೂ ಎಲ್ಲೋ ಒಬ್ಬ ದೊಡ್ಡ ಧಣಿಯ ಕಣಜದಿಂದ ಬಂದುದಲ್ಲ. ನಮ್ಮಪ್ಪನಂಥ ಎಷ್ಟೋ ಸಣ್ಣ ರೈತರು ಸುಗ್ಗಿಯಲ್ಲಿ ಅಳೆದು ಕಳುಹಿಸಿದ ಸೇರು ಪಾವುಗಳು ಕೂಡಿ ಆದದ್ದು. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿಯುವವರೆಗೆ ಸುದ್ದಿಯನ್ನು ತಡೆಹಿಡಿಯಲಾಗಿತ್ತು ಎಂದು ಪತ್ರಿಕೆಗಳು ಬರೆದವು. 111 ವರ್ಷ ಬದುಕಿದ ಹಿರಿಯರ ಬಗ್ಗೆ ನಾನು ಓದಿದ ಶ್ರದ್ಧಾಂಜಲಿಗಳಲ್ಲಿ ನನಗೆ ನೆನಪಿರುವುದು ಆ ಒಂದು ಸಾಲು ಮಾತ್ರ.

ಆದರೆ ಹಳೆಯ ಕಾಲದ್ದೆಲ್ಲ ಚಿನ್ನವೆಂದು ಹೇಳಲಾರೆ. ಅದೇ ಸುಗ್ಗಿಯ ಕಣದಲ್ಲಿ ಪಾಲಿಗಾಗಿ ಬಂದ ಕೆಲವರು ದೂರ ನಿಂತು ಸೆರಗೊಡ್ಡಬೇಕಿತ್ತು, ಮೊರದಲ್ಲಿ ಧಾನ್ಯವನ್ನು ಮೇಲಿನಿಂದ ಸುರಿಯುತ್ತಿದ್ದರು. ವರ್ಷವಿಡೀ ದುಡಿದವರ ಕೂಲಿಯನ್ನೇ ಭಿಕ್ಷೆಯಂತೆ ಕೊಡುವ ವಿದ್ಯೆ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿತ್ತು. ಬಾಲಕನಾಗಿದ್ದ ನಾನು ಅದನ್ನು ನೋಡಿದ್ದೇನೆ, ಆಗ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಉತ್ತರ 2: ಘಟ್ಟದ ಕೆಳಗಿನವ, ಉತ್ತರ ಕನ್ನಡ

ಮೇಷ್ಟರು ಕೊಡುವವನು ಕೆಳಗೆ ನಿಲ್ಲಬೇಕು ಎಂದರು. ಕೊಡುವವನು ಅಲ್ಲಿ ನಿಲ್ಲದೇ ಇದ್ದರೆ ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹಳೆಯ ದಾರಿಗಳ ಬದಿಯಲ್ಲಿ ಹೊರೆಗಲ್ಲನ್ನು ನೋಡಿದ್ದೀರಾ? ಎರಡು ಕಂಬದಂಥ ಕಲ್ಲು ನೆಟ್ಟು, ಮೇಲೆ ಒಂದು ಚಪ್ಪಡಿ ಅಡ್ಡ ಹಾಕಿರುತ್ತಾರೆ. ಎತ್ತರ ಸುಮಾರು ಆಳಿನ ಭುಜದಷ್ಟು. ತಲೆಹೊರೆ ಹೊತ್ತು ನಡೆಯುವವನ ಕಷ್ಟ ಹೊತ್ತವನಿಗೇ ಗೊತ್ತು. ಒಮ್ಮೆ ಹೊರೆಯನ್ನು ನೆಲಕ್ಕೆ ಇಳಿಸಿದರೆ ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ನಿರ್ಜನ ದಾರಿಯಲ್ಲಿ ಆ ಇನ್ನೊಬ್ಬರು ಎಲ್ಲಿ ಸಿಕ್ಕಾರು? ಹಾಗಾಗಿ ದಣಿದರೂ ಇಳಿಸುವಂತಿಲ್ಲ. ಹೊರೆಗಲ್ಲಿದ್ದರೆ ಅದರ ಪಕ್ಕಕ್ಕೆ ಹೋಗಿ, ಸ್ವಲ್ಪ ಬಗ್ಗಿ, ಹೊರೆಯನ್ನು ಚಪ್ಪಡಿಯ ಮೇಲೆ ಜಾರಿಸಿ, ಬೀಡಿ ಸೇದಿ, ಎಲೆ ಅಡಿಕೆ ಹಾಕಿ, ಮತ್ತೆ ತಲೆಯೊಡ್ಡಿ ಯಾರ ಹಂಗೂ ಇಲ್ಲದೆ ಎಳೆದುಕೊಂಡು ಹೊರಡಬಹುದು. ಕಲ್ಲು ನೆಟ್ಟವನು ಯಾರೋ, ಸತ್ತು ಎಷ್ಟು ವರ್ಷವಾಯಿತೋ, ಹೊತ್ತವನಿಗೆ ಅದು ಬೇಕಾಗಿಯೂ ಇಲ್ಲ.

ಅರವಟ್ಟಿಗೆಯೂ ಇದೇ ಬಗೆಯದು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಇಡುವ ಅರವಟ್ಟಿಗೆಗಳಿಗೆ ಭೂಮಿ ಬಿಟ್ಟುಕೊಟ್ಟ ಉಲ್ಲೇಖ ನಮ್ಮ ಹಳೆಯ ಶಾಸನಗಳಲ್ಲೇ ಇದೆ. ನೀರು ಇಡಲು ಭೂಮಿ ಏಕೆ ಬೇಕಿತ್ತೆಂದರೆ, ನೀರು ಸೇದಿ ತರುವವನಿಗೆ ಕೂಲಿ ಕೊಡಬೇಕು, ಮಡಕೆ ಒಡೆದರೆ ಹೊಸದು ಕೊಳ್ಳಬೇಕು, ಚಪ್ಪರಕ್ಕೆ ಗರಿ ಹೊದಿಸಬೇಕು. ಒಂದು ದಿನದ ಮನಸ್ಸಿನ ಕರಗುವಿಕೆಯಿಂದ ಇದು ನಡೆಯುವುದಿಲ್ಲವೆಂದು ಆ ಹಿರಿಯರಿಗೆ ತಿಳಿದಿತ್ತು.

ಈಗ ನಿಮ್ಮ "ನೀರು ಬೇಕಾ?" ಎಂಬ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆ ಮನೆಗೆ ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನು ಬೇಕೆಂದು, ಕೇಳುವುದು ರೂಢಿ, ಆದರೆ ಕೇಳುವಷ್ಟರಲ್ಲಿ ಬೆಲ್ಲ ನೀರು ಎದುರಿಗೆ ಬಂದಿರುತ್ತದೆ. ಬೇಕೇ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಮುಕ್ಕಾಲು ಪಾಲು ಜನ ಬೇಡ ಎನ್ನುತ್ತಾರೆ. ಬಾಯಾರಿಕೆ ಇಲ್ಲವೆಂದಲ್ಲ, ಬೇಕು ಎನ್ನಲು ನಾಲಿಗೆ ಏಳುವುದಿಲ್ಲ. ನಿಮ್ಮ ಗೇಟಿನ ಬಳಿ ಒಂದು ಮಣ್ಣಿನ ಹಂಡೆ, ನಲ್ಲಿ, ನಾಲ್ಕು ಲೋಟ ಇಡಿಸಿ. ಮೇಲೆ ನಿಮ್ಮ ಸಂಘದ ಹೆಸರು ಬರೆಸಬೇಡಿ. ಹಂಡೆ ತೊಳೆಯುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ಹದಿನೈದು ದಿನದಲ್ಲಿ ಅದು ಸೊಳ್ಳೆ ಸಾಕುವ ಹಂಡೆಯಾಗುತ್ತದೆ. ನಮ್ಮೂರ ಬಸ್ ನಿಲ್ದಾಣದಲ್ಲಿ ಆದದ್ದು ಅದೇ.

ಉತ್ತರ 3: ಓ ಪಾಸಿಟಿವ್

ಪಡೆಯುವವರ ಮುಖ ಕಾಣದಂತೆ ಕೊಡುವ ಮಾತು ಬಂದಿದ್ದರಿಂದ ಒಂದು ಸೇರ್ಪಡೆ. ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಹೋಗಿ ಬರುವುದು, ಪರೀಕ್ಷೆ, ಆಮೇಲಿನ ವಿಶ್ರಾಂತಿ ಎಲ್ಲ ಸೇರಿ ಅರ್ಧ ದಿನದ ಕೆಲಸವೂ ಅಲ್ಲ. ಅದು ಯಾರಿಗೆ ಹೋಯಿತು ಎಂದು ನಮಗೆ ತಿಳಿಯದು, ಯಾರಿಂದ ಬಂತು ಎಂದು ಅವರಿಗೂ ತಿಳಿಯದು, ಕೈಮುಗಿಯುವ ಪ್ರಸಂಗವೇ ಬರುವುದಿಲ್ಲ. ಫೋಟೋ ತೆಗೆಸಿಕೊಳ್ಳದಿದ್ದರೆ ಇನ್ನೂ ಲೇಸು.

ಉತ್ತರ 4: ಮೊಳದ ಮೇಲೆ ನಾಲ್ಕು ಬೆರಳು, ಮಂಡ್ಯ

ನಮ್ಮಮ್ಮ ಇಪ್ಪತ್ತೆಂಟು ವರ್ಷ ದೇವಸ್ಥಾನದ ಬೀದಿಯಲ್ಲಿ ಹೂವು ಮಾರಿ ನಮ್ಮನ್ನು ಓದಿಸಿದರು. ಆದ್ದರಿಂದ ಈ ಪ್ರಶ್ನೆಗೆ ಗೋಣಿತಾಟಿನ ಆ ಬದಿಯಿಂದ ಉತ್ತರ ಕೊಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಅಕ್ಕ, ನೀವು ಹಿಂದಿರುಗಿ ಬಂದ ಐವತ್ತು ರೂಪಾಯಿಯ ಬಗ್ಗೆ ಇಷ್ಟು ಬರೆದಿದ್ದೀರಿ, ಇಲ್ಲಿ ಉತ್ತರಿಸಿದವರೂ ಅದನ್ನೇ ಹಿಡಿದುಕೊಂಡರು. ಆ ಕರಿಬೇವು, ನಿಂಬೆಹಣ್ಣಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದಕ್ಕೆ ಒಂದು ಹೆಸರಿದೆ, ಕೊಸರು. ಅಳತೆ ಮುಗಿದ ಮೇಲೆ ಮಾರುವವರು ತಾವಾಗಿ ಹಾಕುವುದು. ನಮ್ಮಮ್ಮ ಮೊಳಕೈಯಿಂದ ಬೆರಳ ತುದಿಯವರೆಗೆ ಹೂವನ್ನು ಅಳೆದು, ಕತ್ತರಿಸುವ ಮೊದಲು ದಾರವನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಜಾರಿಸುತ್ತಿದ್ದರು. ಹೊಸದಾಗಿ ಮದುವೆಯಾದ ಹುಡುಗಿ ಬಂದರೆ ಒಂದು ಗೇಣು. ಶಾಲೆಗೆ ಹೋಗುವ ಮಕ್ಕಳು ಗುಲಾಬಿ ನೋಡುತ್ತಾ ನಿಂತರೆ ಮುರಿದ ತೊಟ್ಟಿನದೊಂದು ಅವರ ಕೈಗೆ. ಅಮ್ಮನ ದಿನದ ಲಾಭ ನೂರೈವತ್ತು ರೂಪಾಯಿ ಇದ್ದಾಗಲೂ ಈ ನಾಲ್ಕು ಬೆರಳು ಕಡಿಮೆಯಾದದ್ದನ್ನು ನಾನು ನೋಡಲಿಲ್ಲ. ಕಡಿಮೆ ಮಾಡು ಎಂದು ನಾನೇ ಒಮ್ಮೆ, ಎಸ್ಸೆಸ್ಸೆಲ್ಸಿಯ ಬೇಸಿಗೆ ರಜೆಯಲ್ಲಿ, ದಿನಕ್ಕೆ ಎಷ್ಟು ಮೊಳ ಹೀಗೆ ಹೋಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ್ದೆ. ಅಮ್ಮ ಅದನ್ನು ನೋಡಿ, ಹೂವು ಸುತ್ತಲು ಕಾಗದವನ್ನು ಇಟ್ಟುಕೊಂಡರು.

ಆ ಬೀದಿಯಲ್ಲಿ ಅಮ್ಮ ಕೊಡುವವರಾಗಿದ್ದರು. ನೀವು ಎಲ್ಲರ ಎದುರು ಎಪ್ಪತ್ತು ರೂಪಾಯಿ ಬಿಟ್ಟಾಗ ನಿಮ್ಮ ಸೊಪ್ಪಿನವರ ಆ ಜಾಗ ಒಂದು ಕ್ಷಣ ಅಲುಗಾಡಿತು. ಮರುದಿನ ಅವರು ಅದನ್ನು ಸರಿಪಡಿಸಿಕೊಂಡರು, ಅಷ್ಟೇ. ನಿಮ್ಮನ್ನು ತಳ್ಳಿದ್ದರೆ ಕೊಸರು ಹಾಕುತ್ತಿರಲಿಲ್ಲ. ಮುನಿಸಿಕೊಂಡವರಿಗೆ ಯಾವ ವ್ಯಾಪಾರಿಯೂ ನಿಂಬೆಹಣ್ಣು ಕೊಡುವುದಿಲ್ಲ.

ಹಾಗಾದರೆ ಅಮ್ಮನಿಗೆ ನಿಜವಾಗಿ ಉಪಕಾರವಾದದ್ದು ಯಾವುದರಿಂದ ಎಂದು ನಿನ್ನೆ ಫೋನಿನಲ್ಲಿ ಕೇಳಿದೆ. ಯೋಚಿಸದೆ ಮೂರು ಸಂಗತಿ ಹೇಳಿದರು. ಒಬ್ಬ ಬ್ಯಾಂಕಿನವರು ರಾತ್ರಿ ಎಂಟಕ್ಕೆ ಮನೆಗೆ ಹೋಗುವಾಗ ಉಳಿದ ಹೂವನ್ನು ಬೆಳಗಿನ ಬೆಲೆಗೇ ಕೊಳ್ಳುತ್ತಿದ್ದರು, ಬಾಡಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಎದುರಿನ ಮನೆಯ ಹಿರಿಯರೊಬ್ಬರು ವರಮಹಾಲಕ್ಷ್ಮಿ ಹಬ್ಬಕ್ಕೆ ಎಷ್ಟು ಮಾರು ಬೇಕೆಂದು ನಾಲ್ಕು ದಿನ ಮೊದಲೇ ಹೇಳಿ ಅರ್ಧ ಹಣ ಮುಂಗಡ ಕೊಡುತ್ತಿದ್ದರು. ಅದರಿಂದ ಆ ವಾರ ಸಾಲ ಮಾಡದೆ ಮೊಗ್ಗು ತರಲು ಆಗುತ್ತಿತ್ತು. ಮೂರನೆಯದನ್ನು ಹೇಳುವಾಗ ಅಮ್ಮ ಸ್ವಲ್ಪ ತಡೆದರು. ಅದೇ ಮನೆಯವರು ಹಿತ್ತಲ ಬಾಗಿಲನ್ನು ತೆಗೆದಿಟ್ಟು, ಶೌಚಾಲಯ ಬಳಸಿಕೊಳ್ಳಲು ಹೇಳಿದ್ದರಂತೆ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಬೀದಿಯಲ್ಲಿ ಕುಳಿತ ಹೆಂಗಸು ಎಲ್ಲಿಗೆ ಹೋಗಬೇಕು? ಅದಕ್ಕೂ ಮೊದಲು ಎಷ್ಟೋ ವರ್ಷ ಅಮ್ಮ ಮಧ್ಯಾಹ್ನ ನೀರನ್ನೇ ಕುಡಿಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ನಿನ್ನೆ. ಘಟ್ಟದ ಕೆಳಗಿನವರ ಹಂಡೆಯ ಸಲಹೆ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ನೀರು ಇಡುವವರು ಮುಂದಿನದನ್ನೂ ಯೋಚಿಸಬೇಕಲ್ಲವೇ?

ಉತ್ತರ 5: ಉದ್ರಿ ಪುಸ್ತಕ, ಹುಬ್ಬಳ್ಳಿ

ನಮ್ಮದು ಕಿರಾಣಿ ಅಂಗಡಿ, ಅಜ್ಜನ ಕಾಲದ್ದು. "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆ ನಮ್ಮಲ್ಲೂ ತೂಗುತ್ತದೆ. ಅದರ ಕೆಳಗೇ ಉದ್ರಿ ಪುಸ್ತಕವೂ ಇದೆ. ಅಂಗಡಿಕಾರನ ಕರುಣೆ ದಾನದ ರೂಪದಲ್ಲಿ ಬರುವುದು ಕಡಿಮೆ, ವಾಯಿದೆಯ ರೂಪದಲ್ಲಿ ಬರುವುದೇ ಹೆಚ್ಚು.

ನಮ್ಮಲ್ಲಿ ಜಕಾತ್ ಎಂಬುದು ಕಡ್ಡಾಯ: ನಿಗದಿತ ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರ ಶೇಕಡ 2.5 ಭಾಗ ಬಡವರದು. ಅದನ್ನು ಕೊಟ್ಟು ಔದಾರ್ಯ ತೋರಿದೆ ಎನ್ನುವಂತಿಲ್ಲ, ಅವರದನ್ನು ಅವರಿಗೆ ಮುಟ್ಟಿಸಿದ್ದು ಅಷ್ಟೇ. ಅದರ ಮೇಲೆ ಮನಸ್ಸಿನಿಂದ ಕೊಡುವುದು ಸದಕಾ, ಅದನ್ನು ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡಬೇಕು ಎನ್ನುತ್ತಾರೆ. ಆದರೆ ನಮ್ಮ ಅಪ್ಪ ಹೆಚ್ಚು ಹೇಳುತ್ತಿದ್ದದ್ದು ಕುರಾನಿನ ಇನ್ನೊಂದು ಮಾತು: ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಅದು ನಿಮಗೆ ಇನ್ನೂ ಒಳ್ಳೆಯದು.

ತಿಂಗಳ ಕೊನೆಯ ವಾರ ಬಾಕಿ ಇದ್ದ ಮನೆಯವರು ತಾವು ಬರುವುದಿಲ್ಲ, ಮಗುವಿನ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸುತ್ತಾರೆ. ದೊಡ್ಡವರಿಗೆ ಇಲ್ಲ ಎನ್ನುವುದು ಸುಲಭ, ಮಗುವಿಗೆ ಕಷ್ಟ ಎಂಬುದು ಅವರಿಗೂ ಗೊತ್ತು. ಚೀಟಿ ಓದಿ ಅಪ್ಪ ಸಾಮಾನು ಕಟ್ಟುತ್ತಿದ್ದರು, "ನಿಮ್ಮಪ್ಪಗ ಬಂದು ಹೋಗ ಅಂತ ಹೇಳು" ಎಂಬ ಮಾತನ್ನು ಮಗುವಿನ ಮುಂದೆ ಎಂದೂ ಆಡುತ್ತಿರಲಿಲ್ಲ. ರಮಜಾನ್ ತಿಂಗಳ ಕೊನೆಯಲ್ಲಿ ಪುಸ್ತಕ ತೆಗೆದು ಕೆಲವು ಹೆಸರುಗಳ ಮೇಲೆ ಗೆರೆ ಎಳೆಯುತ್ತಿದ್ದರು. ಆ ಹೆಸರಿನವರಿಗೆ ಇದನ್ನು ತಿಳಿಸುತ್ತಿರಲಿಲ್ಲ. ಯಾರಾದರೂ ಆಮೇಲೆ ಬಾಕಿ ತೀರಿಸಲು ಬಂದರೆ ಹಣವನ್ನು ಸುಮ್ಮನೆ ಪಡೆದುಕೊಳ್ಳುತ್ತಿದ್ದರು. "ಬಿಟ್ಟೀವಿ ಬ್ಯಾಡ" ಎಂದರೆ ಆ ಮನುಷ್ಯ ನಾಳೆಯಿಂದ ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆಯುತ್ತಾನೆ ಎಂಬುದು ಅವರ ವಾದ. ಆ ಹಣ ಬೇರೆ ಡಬ್ಬಿಗೆ ಬೀಳುತ್ತಿತ್ತು.

ನನಗೆ ಅಪ್ಪನಷ್ಟು ದೊಡ್ಡ ಮನಸ್ಸಿಲ್ಲ. ಕೊಡುವ ಶಕ್ತಿ ಇದ್ದೂ ಕೊಡದವರು ಇದ್ದಾರೆ. ಒಬ್ಬರು ನನ್ನಲ್ಲಿ ಎಂಟು ಸಾವಿರ ಬಾಕಿ ಇಟ್ಟುಕೊಂಡು ಹೊಸ ಮೋಟಾರ್ ಸೈಕಲ್ಲಿನ ಮೇಲೆ ದಿನವೂ ಅಂಗಡಿಯ ಮುಂದೆಯೇ ಹಾದುಹೋಗುತ್ತಾರೆ. ಅವರ ಹೆಸರಿನ ಮೇಲೆ ಗೆರೆ ಎಳೆಯಲು ಈ ವರ್ಷವೂ ಕೈ ಬರಲಿಲ್ಲ.

ಉತ್ತರ 6: ವಕೀಲೆ, ಮೈಸೂರು

ಮೇಲಿನ ಎಲ್ಲವನ್ನೂ ಗೌರವದಿಂದ ಓದಿದ್ದೇನೆ, ಆದರೆ ನನಗೆ ಒಂದು ತಕರಾರಿದೆ. ಕರುಣೆಯ ಮಾತು ಬಂದಾಗ ನಮ್ಮಂಥವರಿಗೆ ಹೊಣೆಗಾರಿಕೆಯನ್ನು ಮರೆಯುವ ಅಭ್ಯಾಸವಿದೆ. ಪ್ರಶ್ನೆ ಕೇಳಿದವರು ಮನೆಗೆಲಸದವರಿಗೆ ಹಳೆಯ ಸೀರೆ ಕೊಡುವುದನ್ನು ಹೇಳಿದ್ದಾರೆ. ಅವರಿಗೆ ವಾರಕ್ಕೊಂದು ರಜೆ ಇದೆಯೇ, ಜ್ವರ ಬಂದು ಮೂರು ದಿನ ಬಾರದಿದ್ದರೆ ಸಂಬಳ ಕಡಿತವಾಗುತ್ತದೆಯೇ ಎಂಬುದನ್ನು ಹೇಳಿಲ್ಲ. ಮನೆಗೆಲಸವನ್ನು ಕರ್ನಾಟಕ ಸರ್ಕಾರ ಕನಿಷ್ಠ ವೇತನದ ವ್ಯಾಪ್ತಿಗೆ ತಂದದ್ದು 2004ರಲ್ಲಿ. ಇಷ್ಟು ವರ್ಷಗಳ ನಂತರವೂ ಆ ದರ ಎಷ್ಟು ಎಂದು ವಿಚಾರಿಸಿದ ಮನೆಯೊಡತಿಯರನ್ನು ನಾನು ಬೆರಳೆಣಿಕೆಯಷ್ಟೂ ಕಂಡಿಲ್ಲ. ಮೇಷ್ಟರು ಹೇಳಿದ ಸುಗ್ಗಿಯ ಕಣ ಎಲ್ಲಿಗೂ ಹೋಗಿಲ್ಲ, ಮೂರನೇ ಮಹಡಿಗೆ ಏರಿದೆ.

ಸೊಪ್ಪು ಮಾರುವವರ ವಿಷಯವೂ ಹಾಗೆಯೇ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದು 2014ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ತೆರವು ಮಾಡಬೇಕಾದರೆ 30 ದಿನಗಳ ನೋಟಿಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಹೀಗಿದ್ದರೂ ಅವರನ್ನು ಎಬ್ಬಿಸುವ ಅರ್ಜಿಗಳು ಬಹುತೇಕ ನಿಮ್ಮಂಥ ಸಮುಚ್ಚಯಗಳ ಸಂಘಗಳಿಂದಲೇ ಹೋಗುತ್ತವೆ. ಒಳಗೆ ಕುಳಿತು ಸಹಿ ಹಾಕಿ, ಹೊರಗೆ ಬಂದು ಚಿಲ್ಲರೆ ಬಿಟ್ಟರೆ ಏನು ಬಂತು?

ಇನ್ನೊಂದು ಸಂಗತಿ. ಬಹಳಷ್ಟು ಬೀದಿ ವ್ಯಾಪಾರಿಗಳು ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ಹಿಂದಿರುಗಿಸುವ ದಿನಬಡ್ಡಿಯಲ್ಲಿ ಬದುಕುತ್ತಾರೆ. ಇದನ್ನು ತಪ್ಪಿಸಲೆಂದೇ 2020ರಲ್ಲಿ ಪಿಎಂ ಸ್ವನಿಧಿ ಯೋಜನೆ ಬಂತು, ಜಾಮೀನಿಲ್ಲದ ಸಾಲ ಆಗ ಮೊದಲ ಕಂತಿಗೆ 10,000 ರೂಪಾಯಿ ಇತ್ತು. ಅರ್ಜಿ ತುಂಬುವುದು, ಮೊಬೈಲಿಗೆ ಬಂದ ಸಂಖ್ಯೆಯನ್ನು ಸರಿಯಾಗಿ ಓದಿ ಹೇಳುವುದು, ಬ್ಯಾಂಕಿಗೆ ಒಮ್ಮೆ ಜೊತೆಗೆ ಹೋಗುವುದು: ಇವು ಎಪ್ಪತ್ತು ರೂಪಾಯಿಗಿಂತ ದೊಡ್ಡ ಉಪಕಾರ, ಮತ್ತು ಇವನ್ನು ಯಾರೂ ಮರುದಿನ ಹಿಂದಿರುಗಿಸಲಾರರು. ಅವರಿಗೆ ಅದು ಬೇಕೇ ಎಂದು ಮೊದಲು ಕೇಳಿ.

ಮರುಮಾತು: ನಿವೃತ್ತ ಮೇಷ್ಟರು

ವಕೀಲೆಯವರ ಮಾತಿಗೆ ನನ್ನ ಆಕ್ಷೇಪವಿಲ್ಲ, ಒಂದು ತಿದ್ದುಪಡಿ ಮಾತ್ರ ಇದೆ. ಕಾನೂನು ಸೊಪ್ಪಿನವರನ್ನು ಎಬ್ಬಿಸದಂತೆ ತಡೆಯಬಲ್ಲದು. ಹಿತ್ತಲ ಬಾಗಿಲನ್ನು ತೆರೆದಿಡುವಂತೆ ಎದುರು ಮನೆಯವರಿಗೆ ಆಜ್ಞೆ ಮಾಡಲಾರದು. ಮಂಡ್ಯದವರ ಉತ್ತರವನ್ನು ಮೂರು ಸಲ ಓದಿದೆ. ನಲವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಕೊಸರು ಎಂಬ ಪದ ಈ ಸಂದರ್ಭದಲ್ಲಿ ಹೊಳೆಯಲಿಲ್ಲ.

ಪ್ರಶ್ನೆ ಕೇಳಿದವರಿಂದ: ಮೂರನೇ ಮಹಡಿ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಏನಾದರೂ ಮಾಡಿದ ಮೇಲೆ ಬರೆಯೋಣವೆಂದುಕೊಂಡೆ.

ವಕೀಲೆಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಕಡಿತ ಮಾಡುತ್ತಿದ್ದೆ. ನಾಲ್ಕು ದಿನಕ್ಕಿಂತ ಹೆಚ್ಚು ಬಾರದಿದ್ದರೆ ಎಂಬ ನನ್ನದೇ ನಿಯಮ ಇತ್ತು, ಅದನ್ನು ತೀರ ಉದಾರವಾದುದೆಂದೂ ನಂಬಿದ್ದೆ. ಈ ತಿಂಗಳಿಂದ ಭಾನುವಾರ ರಜೆ, ಕಡಿತವಿಲ್ಲ. ಇದನ್ನು ಹೇಳಿದಾಗ ಅವರು ಸಂತೋಷಪಡುತ್ತಾರೆಂದುಕೊಂಡಿದ್ದೆ. "ಬೇರೆ ಮನೆಗಳೋರಿಗೂ ನೀವೇ ಒಂದು ಮಾತು ಹೇಳಿ" ಎಂದರು. ಇನ್ನೂ ಹೇಳಿಲ್ಲ. ಪಕ್ಕದ ಮನೆಯವರ ಮುಖ ನೆನೆದರೆ ಧೈರ್ಯ ಬರುವುದಿಲ್ಲ.

ಸೊಪ್ಪಿನವರ ಬಳಿ ಎಂಟು ಗಂಟೆಯ ನಂತರ ಹೋಗಿ ಉಳಿದದ್ದನ್ನು ಕೊಳ್ಳುವುದನ್ನು ಪ್ರಯತ್ನಿಸಿದೆ. ಎರಡನೆಯ ದಿನವೇ ಅವರು, "ಇಷ್ಟು ಸೊಪ್ಪು ನೀವು ಇಬ್ಬರೇ ತಿಂತೀರಾ?" ಎಂದು ನಕ್ಕರು. ಆದ್ದರಿಂದ ನಮ್ಮ ಮಹಡಿಯ ನಾಲ್ಕು ಮನೆಯವರು ಸೇರಿ, ಮರುದಿನಕ್ಕೆ ಏನೇನು ಬೇಕೆಂದು ಹಿಂದಿನ ಸಂಜೆಯೇ ಹೇಳಿ ಅರ್ಧ ಹಣ ಕೊಡುವ ಏರ್ಪಾಡು ಮಾಡಿಕೊಂಡಿದ್ದೇವೆ. ಇದು ಅವರಿಗೆ ವ್ಯಾಪಾರವಾಗಿಯೇ ಕಂಡಿದೆ. ಮೆಂತ್ಯ ಸಿಗದ ದಿನ ಬೈಸಿಕೊಳ್ಳುವ ಹೆದರಿಕೆ ಈಗ ಅವರಿಗೆ ಶುರುವಾಗಿದೆ ಎಂಬುದು ಬೇರೆ ಮಾತು. ಸಾಲದ ಅರ್ಜಿಯ ವಿಚಾರ ಕೇಳಿದೆ. ಅವರಿಗೆ ಅದು ಬೇಡವಂತೆ, ಬ್ಯಾಂಕಿನ ಸಹವಾಸ ಸಾಕಾಗಿದೆಯಂತೆ. ಆದರೆ ಮೊಬೈಲಿಗೆ ಬರುತ್ತಿದ್ದ ಯಾವುದೋ ಸಂದೇಶಗಳನ್ನು ಓದಿಸಿಕೊಂಡರು. ಹದಿನಾಲ್ಕರಲ್ಲಿ ಹನ್ನೊಂದು ಜಾಹೀರಾತು, ಎರಡು ವಿದ್ಯುತ್ ಬಿಲ್ಲು, ಒಂದು ಮೊಮ್ಮಗಳ ಶಾಲೆಯದು. ಅದರಲ್ಲಿ ಪೋಷಕರ ಸಭೆ ಎರಡು ದಿನ ಹಿಂದೆಯೇ ಮುಗಿದಿತ್ತು.

ಶೌಚಾಲಯದ ವಿಷಯ ಕೇಳಲು ನನಗೆ ಮೂರು ದಿನ ಬೇಕಾಯಿತು. ಕೊನೆಗೆ ಕೇಳಿದಾಗ ಅವರು ಉತ್ತರ ಕೊಡಲಿಲ್ಲ, ಎದುರಿಗಿದ್ದ ಕಾಲಿ ನಿವೇಶನದ ಕಡೆ ಒಮ್ಮೆ ನೋಡಿದರು. ಅಲ್ಲಿ ಈಗ ಅಡಿಪಾಯ ಅಗೆಯುತ್ತಿದ್ದಾರೆ. ನಮ್ಮ ಕಾವಲು ಕೋಣೆಯ ಹಿಂದೆ ಒಂದು ಶೌಚಾಲಯವಿದೆ, ಅದಕ್ಕೆ ಬೀಗ ಹಾಕಿರುತ್ತಾರೆ. ಸಂಘದ ಕಾರ್ಯದರ್ಶಿಯವರನ್ನು ಕೇಳಿದರೆ, ಇಂದು ಒಬ್ಬರಿಗೆ ಕೊಟ್ಟರೆ ನಾಳೆ ಹತ್ತು ಜನ ಬರುತ್ತಾರೆ, ಸಭೆಯಲ್ಲಿ ಇಡಿ ಎಂದಿದ್ದಾರೆ. ಬರುವ ಭಾನುವಾರ ಸಭೆ. ನೀರಿನ ಹಂಡೆ ಮತ್ತು ಬೀಗದ ಕೈ ಎರಡನ್ನೂ ಒಂದೇ ವಿಷಯವಾಗಿ ಬರೆದುಕೊಟ್ಟಿದ್ದೇನೆ. ಹಂಡೆ ತೊಳೆಯುವ ಪಾಳಿಯ ಮೊದಲ ತಿಂಗಳಿಗೆ ನನ್ನ ಹೆಸರು ಹಾಕಿದ್ದೇನೆ. ನಿವೇಶನದಲ್ಲಿ ಕೆಲಸ ಮಾಡುವ ಹೆಂಗಸರನ್ನೂ ಲೆಕ್ಕಕ್ಕೆ ಹಿಡಿದರೆ ಕಾರ್ಯದರ್ಶಿಯವರು ಹೇಳಿದ ಹತ್ತು ಜನ ನಿಜವಾಗಿಯೂ ಇದ್ದಾರೆ.

ಮಂಡ್ಯದವರಿಗೆ ಒಂದು ಮಾತು. ನಿನ್ನೆ ದಂಟಿನ ಸೊಪ್ಪು ಕೊಂಡು, ಹಣ ಕೊಟ್ಟು, ಚೀಲವನ್ನು ಮುಚ್ಚದೆ ನಿಂತು, "ಕೊಸರು ಎಲ್ಲಮ್ಮ?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಾನಾಗಿ ಕೇಳಿದ್ದು ಇದೇ ಮೊದಲು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಬ್ಬಾ, ಭಾರಿ ಜೋರಾಗವ್ರೆ" ಎನ್ನುತ್ತಾ ಎರಡು ಹಸಿಮೆಣಸಿನಕಾಯಿ ಹಾಕಿದರು. ನಿಂಬೆಹಣ್ಣಿಗೆ ಈಗ ಬೆಲೆ ಏರಿದೆಯಂತೆ.